ಸೆಂದಾಯ್‌ನ ಉಮೊರೆಗಿ ತಟ್ಟೆಗಳು: ಮೂರು ವರ್ಷ ಬಳಸಿದ ಮೇಲೆ ಬರೆದದ್ದು

ಚಹಾ ಬಟ್ಟಲಿನ ಕೆಳಗೆ ಇಡುವ ಐದು ಪುಟ್ಟ ತಟ್ಟೆಗಳು. ತಿಂಡಿ ಇಡುವ ಒಂದು ಟ್ರೇ. ನಾನು ಕೊಂಡದ್ದು ಇಷ್ಟೇ. ಮನೆಗೆ ಬಂದವರೆಲ್ಲ ಇವನ್ನು ಕೈಗೆತ್ತಿಕೊಂಡು ಇದೇನು, ಕಲ್ಲಾ ಮರಾನಾ ಅಂತ ಕೇಳುತ್ತಾರೆ. ಎಲ್ಲರಿಗೂ ಅದೇ ಕಥೆ ಹೇಳುತ್ತೇನೆ. ಅವಸರದಲ್ಲಿ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಕೂತು ಪೂರ್ತಿ ಬರೆಯುತ್ತಿದ್ದೇನೆ. ಜಪಾನಿನ ಸೆಂದಾಯ್ ಕಡೆ ಬರುವ ಕನ್ನಡದವರು ಇಲ್ಲಿಂದ ಏನು ಒಯ್ಯಬೇಕು ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಕೊಳ್ಳುವ ಮುಂಚೆ ತಿಳಿದಿರಬೇಕಾದ ವಿಷಯಗಳೂ ಇವೆ.

ಉಮೊರೆಗಿ ಎಂದರೆ ಜಪಾನಿ ಭಾಷೆಯಲ್ಲಿ ಹೂತುಹೋದ ಮರ. ಸೆಂದಾಯ್ ನಗರದ ಪಶ್ಚಿಮಕ್ಕೆ ಅಓಬಾಯಾಮ ಎಂಬ ಬೆಟ್ಟವಿದೆ. ಆ ಬೆಟ್ಟದ ಒಡಲಲ್ಲಿ ಲಿಗ್ನೈಟ್ ಪದರಗಳಿವೆ. ನೈವೇಲಿಯಲ್ಲಿ ಕರೆಂಟ್ ಮಾಡಲು ಅಗೆದು ತೆಗೆಯುತ್ತಾರಲ್ಲ, ಅದೇ ಜಾತಿಯ ಕಂದು ಕಲ್ಲಿದ್ದಲು. ಆ ಪದರಗಳ ನಡುವೆ ಕೆಲವು ಕಡೆ ಮರ ಇನ್ನೂ ಮರವಾಗಿಯೇ ಉಳಿದಿತ್ತು. ಕಲ್ಲಿದ್ದಲಾಗುವ ದಾರಿಯಲ್ಲಿ ಮುಕ್ಕಾಲು ನಡೆದು ನಿಂತಂತೆ. ಸುಮಾರು 50 ಲಕ್ಷ ವರ್ಷ ಹಿಂದಿನ ಮರ ಎಂದು ಇಲ್ಲಿ ಹೇಳುತ್ತಾರೆ. ಅದನ್ನು ಹೊರತೆಗೆದು, ಒಣಗಿಸಿ, ಕೆತ್ತಿ, ಮೇಲೆ ಉರುಶಿ ಎಂಬ ಮರದ ಅರಗನ್ನು ಒರೆಸಿ ಮಾಡಿದ ವಸ್ತುಗಳಿಗೆ ಉಮೊರೆಗಿ ಝಾಯ್ಕು, ಅಂದರೆ ಹೂತ ಮರದ ಕೆಲಸ ಎಂದು ಹೆಸರು.

ನಾನು ದಿನಾ ಕೆಲಸಕ್ಕೆ ಹೋಗುವುದು ಅದೇ ಬೆಟ್ಟಕ್ಕೆ. ತೊಹೊಕು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗಗಳು ಅಲ್ಲಿವೆ. 2015ರಲ್ಲಿ ಶುರುವಾದ ತೋಝಾಯ್ ಮೆಟ್ರೋ ಹಿಡಿದು ಅಓಬಾಯಾಮ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಎರಡು ವರ್ಷ ಹೀಗೇ ಓಡಾಡಿದೆ. ಕಾಲ ಕೆಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಲ್ಯಾಬಿನ ಹಿರಿಯರೊಬ್ಬರು ನಿವೃತ್ತಿಯ ಮುಂಚೆ ಎಲ್ಲರಿಗೂ ಹಸಿರು ಚಹಾ ಕೊಟ್ಟರು. ಬಟ್ಟಲಿನ ಕೆಳಗೆ ಕಪ್ಪಗೆ ಕಾಣುವ ತಟ್ಟೆ. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಅಲ್ಲ. ಜೋನಿಬೆಲ್ಲವನ್ನು ಬಿಸಿಲಿಗೆ ಹಿಡಿದ ಹಾಗೆ, ಒಳಗಿಂದ ಕೆಂಪು ಕಂದು. ಅದರೊಳಗೆ ಕೂದಲೆಳೆಯಂಥ ಗೆರೆಗಳು, ಅಲೆ ಅಲೆಯಾಗಿ. ಇದು ಯಾವ ಮರ ಅಂತ ಕೇಳಿದೆ. ಅವರು ನೆಲ ತೋರಿಸಿದರು. ಇಲ್ಲೇ ಕೆಳಗಿನದು ಅಂದರು.

ಮರ ಅಂದರೆ ನನಗೆ ಹಾಗೆ ಸುಮ್ನೆ ಬಿಟ್ಟು ಹೋಗಲು ಆಗುವುದಿಲ್ಲ. ನಾನು ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪ ಟಿಂಬರ್ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಸಾಗವಾನಿ, ಬೀಟೆ, ಮತ್ತಿ, ಹೊನ್ನೆ, ನಂದಿ. ಶಾಲೆ ಬಿಟ್ಟು ಡಿಪೋಗೆ ಹೋದರೆ ದಿಮ್ಮಿಗಳ ನಡುವೆಯೇ ನಮ್ಮ ಆಟ. ತುದಿಯ ಉಂಗುರ ಎಣಿಸುವುದು, ಬೆರಳಲ್ಲಿ ಬಡಿದು ಸದ್ದು ಕೇಳುವುದು, ಮೂಸಿ ನೋಡುವುದು. ಇದನ್ನೆಲ್ಲ ಅಪ್ಪ ಹೇಳಿಕೊಟ್ಟಿದ್ದರು. ಆ ದಿನ ತಟ್ಟೆಯನ್ನು ಬಡಿದು ನೋಡಿದೆ. ಮರದ ಸದ್ದು ಬರಲಿಲ್ಲ. ತೆಂಗಿನ ಚಿಪ್ಪನ್ನು ಉಗುರಲ್ಲಿ ತಟ್ಟಿದಂಥ ಒಣ ಸದ್ದು. ಮೂಸಿದರೆ ಯಾವ ವಾಸನೆಯೂ ಇಲ್ಲ. ಸದ್ದೂ ಬೇರೆ, ವಾಸನೆಯೂ ಇಲ್ಲ. ಆದರೆ ಉಂಗುರ ಮಾತ್ರ ಕಣ್ಣಿಗೆ ಕಾಣುತ್ತಿದೆ. ಇಂಥದ್ದನ್ನು ನಾನು ಡಿಪೋದಲ್ಲಿ ಕಂಡಿರಲಿಲ್ಲ.

ಆ ವಾರವೇ ಹುಡುಕಲು ಶುರು ಮಾಡಿದೆ.

ಅಂಗಡಿಗೆ ಹೋಗುವ ಮೊದಲು ನದಿಗೆ ಹೋಗಿ. ಸೆಂದಾಯ್ ಊರನ್ನು ಕಟ್ಟಿದ ದಾತೆ ಮಸಮುನೆ 1636ರಲ್ಲಿ ತೀರಿಕೊಂಡ. ಅವನ ಸಮಾಧಿ ಝುಯಿಹೋದೆನ್ ಇರುವ ಗುಡ್ಡದ ಕೆಳಗೆ ಹಿರೋಸೆ ನದಿ ಬಳಸಿಕೊಂಡು ಹರಿಯುತ್ತದೆ. ನೀರು ಕಡಿಮೆ ಇದ್ದಾಗ ನದಿಯ ತಳದಲ್ಲಿ ಕಪ್ಪು ಮರದ ಬುಡಗಳು ಕಾಣುತ್ತವೆ. ಕಡಿದು ಬಿಟ್ಟ ಬೊಡ್ಡೆಗಳ ಥರ ನಿಂತಲ್ಲೇ ನಿಂತಿವೆ. ಸೆಕೋಯಾ ಜಾತಿಯ ಮರಗಳು. ಆ ಜಾತಿ ಜಪಾನಿನ ಕಾಡಿನಿಂದ ಎಂದೋ ಅಳಿದುಹೋಗಿದೆ. ಜ್ವಾಲಾಮುಖಿಯ ಬೂದಿ ಬಂದು ಇಡೀ ಕಾಡನ್ನು ಮುಚ್ಚಿತು. ಆಮೇಲೆ ನದಿ ಕೊರೆಯುತ್ತಾ ಕೊರೆಯುತ್ತಾ ಮತ್ತೆ ತೆರೆಯಿತು. ನಗರಪಾಲಿಕೆ ಅದನ್ನು ಸಂರಕ್ಷಿತ ಜಾಗವೆಂದು ಘೋಷಿಸಿದೆ. ಒಂದು ಚೂರನ್ನೂ ಮುಟ್ಟಬಾರದು. ನಾನು ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ. ದಂಡೆಯಲ್ಲಿ ನಿಂತು ನೋಡಿದೆ. ನಗರದ ಬಸ್ಸುಗಳ ಸದ್ದು ಕೇಳುತ್ತಿತ್ತು, ಕೆಳಗೆ ನೀರಿನಲ್ಲಿ ಆ ಕಾಡು. ತುಂಬ ಹೊತ್ತು ಅಲ್ಲಿಂದ ಕದಲಲಿಲ್ಲ.

ಮರ ಕೊಳೆಯದೆ ಅಷ್ಟು ಕಾಲ ಹೇಗೆ ಉಳಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಹಳೆಯ ಬಾವಿಗಳ ತಳಕ್ಕೆ ನೆಲ್ಲಿ ಮರದ ಹಲಗೆ ಇಳಿಸುತ್ತಿದ್ದರು, ಅಲ್ವಾ? ಎಷ್ಟೋ ವರ್ಷ ನೀರಲ್ಲೇ ಇದ್ದರೂ ಅದು ಕೊಳೆಯುವುದಿಲ್ಲ. ಗಾಳಿ ತಾಕದಿದ್ದರೆ ಮರ ತಿನ್ನುವ ಅಣಬೆಗೆ ಬದುಕಿಲ್ಲ. ಇಲ್ಲೂ ಅದೇ. ಕೆಸರು, ಬೂದಿ, ಅದರ ಮೇಲೆ ಇನ್ನೂ ಮಣ್ಣು. ಗಾಳಿ ಇಲ್ಲ. ಆದರೆ ಮೇಲಿನ ಭಾರ ಮಾತ್ರ ಬಿಡಲಿಲ್ಲ. ದುಂಡಗಿದ್ದ ಕಾಂಡವನ್ನು ಒತ್ತಿ ಒತ್ತಿ ಚಪ್ಪಟೆ ಮಾಡಿತು. ಉಂಗುರಗಳು ಒಂದರ ಮೇಲೊಂದು ಕೂತು ಅಲೆಯಾದವು. ತಟ್ಟೆಯಲ್ಲಿ ನಾವು ನೋಡುವ ಆ ಸೂಕ್ಷ್ಮ ಗೆರೆಗಳು ಅವೇ. ನನ್ನ ಟ್ರೇಯಲ್ಲಿ ಹೆಬ್ಬೆರಳ ಉಗುರಿನ ಅಗಲದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಗೆರೆ ಎಣಿಸಿದ್ದೇನೆ.

ಈ ಕೆಲಸ ಶುರುವಾದದ್ದು 1822ರ ಸುಮಾರಿಗೆ. ಕೋಟೆಯ ಹಿಂದಿನ ಬೆಟ್ಟದಲ್ಲಿ ಒಬ್ಬ ಕೆಳದರ್ಜೆಯ ಸೈನಿಕನಿಗೆ ಈ ಮರ ಸಿಕ್ಕಿತು, ಅವನು ಅದರಲ್ಲಿ ಪಾತ್ರೆ ಮಾಡಿದ ಎಂದು ಇಲ್ಲಿಯ ಚರಿತ್ರೆ ಹೇಳುತ್ತದೆ. ಸಂಬಳ ಸಾಲದ ಅಂಥ ಕಾಲಾಳುಗಳ ಮನೆಗಳಲ್ಲಿ ಇದು ಉಪಕಸುಬಾಯಿತು. ಆದರೆ ನದಿಯ ಹೂತ ಮರ ಜಪಾನಿಗರಿಗೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು. ಹಿರೋಸೆ ಹೋಗಿ ಸೇರುವ ನತೋರಿ ನದಿಯ ಹೂತ ಮರವನ್ನು ಸಾವಿರ ವರ್ಷಕ್ಕೂ ಹಳೆಯ ಕವಿತೆಯೊಂದು ಗುಟ್ಟಿನ ಪ್ರೀತಿಗೆ ಹೋಲಿಸುತ್ತದೆ. ನೀರು ಇಳಿದರೆ ಮರ ಹೊರಗೆ ಕಾಣಿಸಿಬಿಡುತ್ತದಲ್ಲ, ಆಗ ಏನು ಮಾಡೋಣ ಎಂಬ ಆತಂಕ ಆ ಕವಿತೆಯದು. ಗಾದೆಯೂ ಇದೆ: ಹೂತ ಮರದಲ್ಲಿ ಹೂ ಬಿಟ್ಟಿತು. ಎಲ್ಲರೂ ಮರೆತ ಮನುಷ್ಯನಿಗೆ ಒಳ್ಳೆಯ ಕಾಲ ಬಂದಾಗ ಹಾಗೆ ಹೇಳುತ್ತಾರೆ.

1887ರಲ್ಲಿ ರೈಲು ಸೆಂದಾಯ್‌ಗೆ ಬಂತು. ಊರಿನ ನೆನಪಿಗೆ ಒಯ್ಯುವ ವಸ್ತುವಾಗಿ ಉಮೊರೆಗಿ ಚೆನ್ನಾಗಿ ಹೋಗುತ್ತಿತ್ತು. ಇದರ ಮರಕ್ಕಾಗಿಯೇ ಯಾರೂ ಬೆಟ್ಟ ಅಗೆಯುತ್ತಿರಲಿಲ್ಲ. ಲಿಗ್ನೈಟ್‌ಗಾಗಿ ಅಗೆಯುತ್ತಿದ್ದರು. ಒಲೆಗೆ, ಸ್ನಾನದ ನೀರಿಗೆ ಅದೇ ಉರುವಲು. ಅದರ ಜತೆ ಒಳ್ಳೆಯ ಮರದ ತುಂಡು ಬಂದರೆ ಕುಶಲಕರ್ಮಿಗೆ ಹೋಗುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಎಣ್ಣೆ ಬಂತು, ಗ್ಯಾಸ್ ಬಂತು. ಲಿಗ್ನೈಟ್ ಯಾರಿಗೂ ಬೇಡವಾಯಿತು. ಸುರಂಗಗಳು ಮುಚ್ಚಿದವು, ಅದರ ಜತೆ ಉಮೊರೆಗಿ ಮರ ಬರುವುದೂ ನಿಂತಿತು. ಈಗ ಕೆಲಸ ಮಾಡುವವರು ಬೆರಳೆಣಿಕೆಯಷ್ಟೂ ಇಲ್ಲ. ಹಿಂದೆ ಕೂಡಿಟ್ಟ ಮರದಲ್ಲೇ ಕೆಲಸ ಸಾಗುತ್ತಿದೆ. ಹೊಸ ಮರ ಬರುವುದಿಲ್ಲ. ಬೆಲೆ ನೋಡಿ ಹುಬ್ಬೇರಿಸುವ ಮುಂಚೆ ಇದನ್ನು ನೆನಪಿಡಿ.

ಈಗ ನಾನು ಕೊಂಡ ವಸ್ತುಗಳಿಗೆ ಬರುತ್ತೇನೆ.

ಐದು ತಟ್ಟೆಗಳು ಸಿಕ್ಕಿದ್ದು ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ. ಜಪಾನಿನಲ್ಲಿ ಇಂಥವು ಐದೈದರ ಸೆಟ್ಟಿನಲ್ಲಿ ಬರುತ್ತವೆ. ತೆಳು ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ಕುಂಚದಲ್ಲಿ ಬರೆದ ಸೆಂದಾಯ್ ಉಮೊರೆಗಿ ಎಂಬ ಅಕ್ಷರಗಳು. ಐದಕ್ಕೂ ಸೇರಿ 4,500 ಯೆನ್ ಕೊಟ್ಟೆ. ಯಾರದೋ ಅಜ್ಜಿಯ ಮನೆ ಖಾಲಿ ಮಾಡಿದಾಗ ಬಂದ ಸಾಮಾನು ಎಂದು ಅಂಗಡಿಯವರು ಹೇಳಿದರು. ಒಳಗೆ ಹಳದಿಯಾದ ಪೇಪರಿನಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿದ್ದರು. ಆ ಅಜ್ಜಿ ಇವನ್ನು ಬಳಸಿದ್ದಾರೆ. ನಡುವೆ ಬಟ್ಟಲು ಕೂರುವ ಕಡೆ ಹೊಳಪು ಸ್ವಲ್ಪ ಸವೆದಿದೆ. ನನಗೆ ಅದೇ ಇಷ್ಟವಾಯಿತು.

ಐದರಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಅಳತೆ ಒಂದೇ, ಗೆರೆ ಬೇರೆ. ಒಂದರಲ್ಲಿ ಗೆರೆಗಳು ನೇರ. ಒಂದರಲ್ಲಿ ಸುಳಿ ಇದೆ, ಕೊಂಬೆ ಹುಟ್ಟಿದ ಜಾಗ ಇರಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರವರ ತಟ್ಟೆ ಅಂತ ಆಗಿಬಿಟ್ಟಿದೆ. ಅಂಚು ತುಂಬ ತೆಳು. ಇಷ್ಟು ಸುಲಭವಾಗಿ ಸೀಳುವ ಮರವನ್ನು ಅಷ್ಟು ತೆಳ್ಳಗೆ ಕೆತ್ತಿದ ಕೈ ಯಾವುದೋ. ಈ ಮರ ನೆಲದಿಂದ ಹೊರಬಂದಾಗ ಒದ್ದೆ ಇರುತ್ತದೆ. ಬೇಗ ಒಣಗಿದರೆ ಬಿರಿದು ಪುಡಿಯಾಗುತ್ತದೆ. ಅದಕ್ಕೇ ನಿಧಾನವಾಗಿ, ಬಹಳ ಕಾಲ ಒಣಗಿಸುತ್ತಾರೆ. ಆಮೇಲೆ ಬಿರುಕು ಬಿಟ್ಟ ಭಾಗ ತೆಗೆದು, ಗಟ್ಟಿ ಉಳಿದದ್ದರಲ್ಲಿ ಎಷ್ಟು ದೊಡ್ಡ ವಸ್ತು ಆಗುತ್ತದೆ ನೋಡುತ್ತಾರೆ. ಆದ್ದರಿಂದ ಇದರಲ್ಲಿ ದೊಡ್ಡ ಟ್ರೇ ಸಿಗುವುದು ಅಪರೂಪ, ಬೆಲೆಯೂ ಜಾಸ್ತಿ. ಚಿಕ್ಕ ತಟ್ಟೆ ಸಿಗುತ್ತದೆ.

ಉರುಶಿಯ ಬಗ್ಗೆ ಎರಡು ಮಾತು. ಇದು ಒಂದು ಮರದ ಹಾಲು. ನಮ್ಮ ಗೇರು, ಮಾವು ಇವುಗಳ ಬಳಗದ್ದೇ ಮರ. ಗೇರು ಸಿಪ್ಪೆಯ ಎಣ್ಣೆ ಚರ್ಮ ಸುಡುವಂತೆ ಇದರ ಹಸಿ ಹಾಲೂ ತುರಿಕೆ ಎಬ್ಬಿಸುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಆ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ. ಇದು ಬಿಸಿಲಿಗೆ ಇಟ್ಟರೆ ಗಟ್ಟಿಯಾಗುವ ಬಣ್ಣವಲ್ಲ. ತೇವದ ಗಾಳಿಯಿರುವ ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ಗಟ್ಟಿಯಾಗುತ್ತದೆ. ಉಮೊರೆಗಿಗೆ ಇದನ್ನು ದಪ್ಪಗೆ ಬಳಿಯುವುದಿಲ್ಲ. ಹಚ್ಚಿ, ಬಟ್ಟೆಯಲ್ಲಿ ಒರೆಸಿ ತೆಗೆದು, ಗಟ್ಟಿಯಾಗಲು ಬಿಟ್ಟು, ಮತ್ತೆ ಹಚ್ಚುವುದು. ಹೀಗೆ ಹಲವು ಸಲ. ಆಗ ಗೆರೆ ಮುಚ್ಚುವುದಿಲ್ಲ, ಇನ್ನೂ ಆಳದಿಂದ ಎದ್ದು ಕಾಣುತ್ತದೆ. ಒಳ್ಳೆಯ ತಟ್ಟೆಯ ಹೊಳಪು ಕನ್ನಡಿಯಂತೆ ಇರುವುದಿಲ್ಲ. ಎಣ್ಣೆ ಹಚ್ಚಿ ಒರೆಸಿದ ಹಳೆಯ ತೊಲೆಯ ಹೊಳಪು ನೋಡಿದ್ದೀರಾ? ಹಾಗೆ.

ಟ್ರೇ ಮಾತ್ರ ಹೊಸದು. ಊರಿನ ನಡುವಿನ ಒಂದು ಕರಕುಶಲ ಅಂಗಡಿಯಲ್ಲಿ ಕೊಂಡೆ. 28,000 ಯೆನ್. ನನ್ನ ಮಟ್ಟಿಗೆ ಅದು ದೊಡ್ಡ ಮೊತ್ತ. ಮೂರು ಸಲ ಹೋಗಿ ನೋಡಿ ಬಂದೆ. ಮೂರನೇ ಸಲ ಅಂಗಡಿಯ ಹೆಂಗಸು ಅದನ್ನು ಕಪಾಟಿನಿಂದ ತೆಗೆದು ನನ್ನ ಕೈಗೇ ಕೊಟ್ಟರು, ಕೂತು ನೋಡಿ ಅಂದರು. ಎರಡು ಅಂಗೈ ಜೋಡಿಸಿದಷ್ಟು ಅಗಲ. ಒಂದು ಅಂಚನ್ನು ಮರ ಹೇಗಿತ್ತೋ ಹಾಗೇ ಬಿಟ್ಟಿದ್ದಾರೆ, ಸುಕ್ಕು ಸುಕ್ಕಾಗಿ, ಬಂಡೆಯ ಅಂಚಿನ ಹಾಗೆ. ಉಳಿದ ಭಾಗ ನುಣುಪು. ಬೆರಳು ಆ ಒರಟಿನಿಂದ ನುಣುಪಿಗೆ ಜಾರುವಾಗ ಅದು ನೆಲದಿಂದ ಬಂದದ್ದು ಅಂತ ಮತ್ತೆ ಮತ್ತೆ ಗೊತ್ತಾಗುತ್ತದೆ. ದುಡ್ಡು ಕೊಟ್ಟದ್ದಕ್ಕೆ ಒಂದು ದಿನವೂ ಬೇಸರವಾಗಿಲ್ಲ. ಉಮೊರೆಗಿಯಲ್ಲಿ ಒಂದೇ ವಸ್ತು ಕೊಳ್ಳುವುದಾದರೆ, ಅಂಚು ಹಾಗೇ ಬಿಟ್ಟ ಟ್ರೇ ಕೊಳ್ಳಿ. ಗಿಡುಗದ ಗೊಂಬೆ, ಹೂದಾನಿ ಇವೂ ಇವೆ. ನನಗೆ ಅವು ಅಷ್ಟು ಹಿಡಿಸಲಿಲ್ಲ. ಕೆತ್ತನೆ ಜಾಸ್ತಿಯಾದಷ್ಟೂ ಮರದ ಗೆರೆ ಕಾಣಿಸುವುದು ಕಡಿಮೆಯಾಗುತ್ತದೆ.

ಟ್ರೇ ಮೇಲೆ ಝುಂಡ ಮೋಚಿ ಇಟ್ಟು ನೋಡಬೇಕು. ಸೆಂದಾಯ್‌ನ ಸಿಹಿ ಅದು. ಎಳೆ ಸೋಯಾ ಕಾಳು ಬೇಯಿಸಿ, ಅರೆದು, ಸಕ್ಕರೆ ಬೆರೆಸಿ, ಅಂಟು ಅಕ್ಕಿಯ ಉಂಡೆಯ ಮೇಲೆ ಹಚ್ಚುತ್ತಾರೆ. ಆ ಎಳೆ ಹಸಿರು ಈ ಕಡು ಕಂದಿನ ಮೇಲೆ ಕೂತರೆ ತಿನ್ನಲು ಮನಸ್ಸು ಬರುವುದಿಲ್ಲ. ನಾನು ಚಕ್ಕುಲಿ ಇಟ್ಟಿದ್ದೇನೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಕರಿದದ್ದು ಇಡುವಾಗ ಕೆಳಗೆ ಒಂದು ಕಾಗದ ಹಾಕುತ್ತೇನೆ. ಕಾಫಿಯ ವಿಷಯದಲ್ಲಿ ಎಚ್ಚರ. ಸ್ಟೀಲ್ ಲೋಟದ ತಳ ಗೀರುತ್ತದೆ. ಪಿಂಗಾಣಿಯ ಬಟ್ಟಲಾದರೂ ತಳ ಒರಟಿದ್ದರೆ ಬೆರಳಿನಿಂದ ಸವರಿ ನೋಡಿ ಇಡಿ. ಬಿಸಿ ಬಟ್ಟಲು ಇಟ್ಟರೆ ನನಗೆ ಇದುವರೆಗೆ ಏನೂ ಆಗಿಲ್ಲ. ನೀರಲ್ಲಿ ನೆನೆಸಬೇಡಿ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಲೇಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನನ್ನ ಕೈಯಲ್ಲಿ ಒಂದು ತಟ್ಟೆ ಹಾಳಾಯಿತು. ಅದನ್ನೂ ಹೇಳಬೇಕು. ಸೆಂದಾಯ್‌ನಲ್ಲಿ ಚಳಿಗಾಲದ ಗಾಳಿ ತುಂಬ ಒಣ. ಮನೆಯೊಳಗೆ ಹೀಟರ್ ಹಚ್ಚಿದರೆ ಇನ್ನೂ ಒಣ. ಒಂದು ಜನವರಿಯಲ್ಲಿ ತಟ್ಟೆಗಳನ್ನು ಹೀಟರಿನ ಗಾಳಿ ನೇರ ಬೀಸುವ ಕಪಾಟಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಸುಳಿ ಇದ್ದ ತಟ್ಟೆಯಲ್ಲಿ ಅಂಚಿನಿಂದ ನಡುವಿನವರೆಗೆ ಕೂದಲಿನಷ್ಟು ಬಿರುಕು. ಗೆರೆಯ ಜತೆಗೇ ಓಡಿತ್ತು. ಆ ದಿನ ಕೆಲಸಕ್ಕೆ ಮನಸ್ಸೇ ಹೋಗಲಿಲ್ಲ. ಯಾರೋ ಅಜ್ಜಿ ಅಷ್ಟು ವರ್ಷ ಪೇಪರಿನಲ್ಲಿ ಸುತ್ತಿ ಕಾಪಾಡಿದ್ದು. ಈಗ ನಾನೂ ಸುತ್ತಿಯೇ ಇಡುತ್ತೇನೆ. ಹೀಟರ್, ಏಸಿ, ಕಿಟಕಿಯ ಬಿಸಿಲು, ಈ ಮೂರರಿಂದಲೂ ದೂರ. ಬೇಸಿಗೆಯಲ್ಲಿ ಒಣಗಿ ಬಿರಿಯುವ ನಮ್ಮ ಬಯಲುಸೀಮೆಯ ಊರುಗಳಿಗೆ ಒಯ್ಯುವವರು ಪೆಟ್ಟಿಗೆಯಲ್ಲೇ ಇಟ್ಟು, ಬೇಕಾದಾಗ ಮಾತ್ರ ತೆಗೆಯಿರಿ.

ಇನ್ನೊಂದು ಕಹಿ ಅನುಭವ. ಟ್ರೇ ಕೊಳ್ಳುವ ಮೊದಲು ಆನ್‌ಲೈನಿನಲ್ಲಿ ಒಬ್ಬರಿಂದ ಉಮೊರೆಗಿ ಎಂದು ಬರೆದಿದ್ದ ಒಂದು ಚಿಕ್ಕ ಹೂದಾನಿ ತರಿಸಿದ್ದೆ. ಫೋಟೋದಲ್ಲಿ ಚೆನ್ನಾಗಿಯೇ ಇತ್ತು. ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕಂದಾಯಿತು. ಯಾವುದೋ ಮಾಮೂಲಿ ಮರಕ್ಕೆ ಬಣ್ಣ ಹಾಕಿದ್ದರು. ದುಡ್ಡು ವಾಪಸ್ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ ಕಾರಣಕ್ಕೆ. ಮರವೇ ಮುಗಿದುಹೋದ ಕಸುಬು ಇದು. ಅದರ ಹೆಸರಿನಲ್ಲಿ ಹೀಗೆ ಮಾಡಿದರೆ ನಿಜವಾಗಿ ಕೆಲಸ ಮಾಡುವವರ ಗತಿ ಏನು?

ಅದಕ್ಕೇ ನೋಡುವ ಬಗೆ ಹೇಳುತ್ತೇನೆ. ತಟ್ಟೆಯನ್ನು ತಿರುಗಿಸಿ ತಳ ನೋಡಿ. ಬಣ್ಣ ಹಾಕಿದ್ದಾದರೆ ಮೂಲೆ, ಚಡಿಗಳಲ್ಲಿ ಬಣ್ಣ ದಪ್ಪಗೆ ನಿಂತಿರುತ್ತದೆ. ಗೆರೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಮೊರೆಗಿಯಲ್ಲಿ ಅವು ತುಂಬ ಒತ್ತೊತ್ತಾಗಿ, ಅಲ್ಲಲ್ಲಿ ಬಾಗಿ ಹೋಗಿರುತ್ತವೆ. ಗರಗಸದಲ್ಲಿ ಸೀಳಿದ ಮಾಮೂಲಿ ಹಲಗೆಯ ಹಾಗೆ ಸಲೀಸಾಗಿ ಇರುವುದಿಲ್ಲ. ಉಗುರಲ್ಲಿ ಮೆಲ್ಲಗೆ ತಟ್ಟಿ ಕೇಳಿ. ಆ ಚಿಪ್ಪಿನ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಅದಕ್ಕೇ ಮೊದಲ ಸಲ ಕೊಳ್ಳುವವರು ಸೆಂದಾಯ್‌ನಲ್ಲೇ, ಕೈಯಲ್ಲಿ ಹಿಡಿದು ಕೊಳ್ಳುವುದು ಒಳ್ಳೆಯದು.

ಹೂತ ಮರ ಅಂತ ಬೇರೆ ಕಡೆಯೂ ಮಾರುತ್ತಾರೆ. ಎರಡೂ ಒಂದೇ ಅಂದುಕೊಳ್ಳಬೇಡಿ. ಉತ್ತರಕ್ಕೆ, ಅಕಿತಾ ಮತ್ತು ಯಾಮಾಗಾತಾ ಗಡಿಯಲ್ಲಿ ಚೋಕಾಯ್ ಎಂಬ ಜ್ವಾಲಾಮುಖಿ ಬೆಟ್ಟವಿದೆ. ಕ್ರಿಸ್ತಪೂರ್ವ 466ರಲ್ಲಿ ಅದರ ಒಂದು ಪಕ್ಕ ಕುಸಿದು ಕೆಳಗಿನ ಕಾಡನ್ನು ಹೂತುಹಾಕಿತು. ಆ ಇಸವಿ ಗೊತ್ತಾದದ್ದು ಹೂತ ಸುಗಿ, ಅಂದರೆ ಜಪಾನಿ ಸೀಡರ್ ಮರಗಳ ಉಂಗುರದಿಂದಲೇ. ಅಲ್ಲಿ ಸಿಗುವ ಸುಗಿಗೆ ಜಿಂದಾಯ್ ಸುಗಿ ಎನ್ನುತ್ತಾರೆ. ಜಿಂದಾಯ್ ಎಂದರೆ ದೇವರುಗಳ ಕಾಲ. ಗೆಳೆಯರೊಬ್ಬರ ಮನೆಯಲ್ಲಿ ಅದರ ಒಂದು ಹಲಗೆ ಮುಟ್ಟಿ ನೋಡಿದೆ. ಬೂದಿ ಬೆರೆತ ಕಂದು ಬಣ್ಣ, ಹಗುರ, ಮೃದು. ಎರಡೂವರೆ ಸಾವಿರ ವರ್ಷ ಆದರೂ ಅದು ಇನ್ನೂ ಮರವೇ. ಮೂಸಿದರೆ ಮರದ ನೆನಪು ಬರುತ್ತದೆ. ಸೆಂದಾಯ್‌ನದು ಆ ಗಡಿ ದಾಟಿ ಹೋಗಿದೆ.

ಟೋಕಿಯೋದ ನೈಋತ್ಯಕ್ಕಿರುವ ಹಾಕೊನೆ ಎಂಬ ಊರಿನಲ್ಲೂ ಹೂತ ಮರ ಬಳಸುತ್ತಾರೆ, ಆದರೆ ಬೇರೆ ರೀತಿ. ಅಲ್ಲಿಯ ಯೊಸೆಗಿ ಕೆಲಸದಲ್ಲಿ ಬಣ್ಣ ಬಳಿಯುವುದಿಲ್ಲ, ಬಣ್ಣ ಬಣ್ಣದ ಮರಗಳನ್ನೇ ಕಡ್ಡಿ ಮಾಡಿ ಅಂಟಿಸಿ ಚಿತ್ತಾರ ಮಾಡುತ್ತಾರೆ. ಬಿಳಿಗೆ ಮಿಝುಕಿ ಮರ. ಕಪ್ಪು ಛಾಯೆಗೆ ಹೂತ ಕತ್ಸುರ ಮರ, ಕಂದಿಗೆ ಹೂತ ಕೆಯಾಕಿ. ಅಂಟಿಸಿದ ಗಟ್ಟಿಯನ್ನು ಉಜ್ಜುಗೊರಡಿನಲ್ಲಿ ಕಾಗದದಷ್ಟು ತೆಳ್ಳಗೆ ಹೆರೆದು ಪೆಟ್ಟಿಗೆಯ ಮೇಲೆ ಹಚ್ಚುತ್ತಾರೆ. ಮೈಸೂರಿನ ಬೀಟೆ ಮರದ ಕೆಲಸದಲ್ಲಿ ಚೂರುಗಳನ್ನು ಮರ ಕೊರೆದು ಕೂರಿಸುತ್ತಾರಲ್ಲ, ಇದು ಅದಕ್ಕಿಂತ ಬೇರೆ ಜಾಣ್ಮೆ. ಹತಾಜುಕು ಎಂಬ ಹಳ್ಳಿ ಇದರ ತವರು. ಜನವರಿಯಲ್ಲಿ ನಡೆಯುವ ಹಾಕೊನೆ ರಿಲೇ ಓಟದ ಮೊದಲ ದಿನ ಗೆದ್ದ ತಂಡಕ್ಕೆ ಕೊಡುವ ಟ್ರೋಫಿಯೂ ಯೊಸೆಗಿಯದೇ. ಮಕ್ಕಳಿಗೆ ಉಡುಗೊರೆ ಕೊಡುವುದಾದರೆ ಅಲ್ಲಿಯ ಗುಟ್ಟಿನ ಪೆಟ್ಟಿಗೆ ಒಯ್ಯಿರಿ. ಹಲಗೆಗಳನ್ನು ಸರಿಯಾದ ಕ್ರಮದಲ್ಲಿ ಜಾರಿಸಿದರೆ ಮಾತ್ರ ತೆರೆಯುತ್ತದೆ. ಅಲ್ಲಿ ಹೂತ ಮರ ಹಲವು ಬಣ್ಣಗಳಲ್ಲಿ ಒಂದು, ಇಲ್ಲಿ ಅದೇ ಎಲ್ಲ.

ಕಳೆದ ವರ್ಷ ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದರು. ಅಪ್ಪನಿಗೆ ಈಗ ಎಪ್ಪತ್ತೆರಡು. ನದಿಗೆ ಕರೆದುಕೊಂಡು ಹೋದೆ. ಮಳೆ ಆಗಿ ನೀರು ಜಾಸ್ತಿ ಇತ್ತು, ಬುಡಗಳು ಸರಿಯಾಗಿ ಕಾಣಲಿಲ್ಲ. ಮನೆಗೆ ಬಂದು ಟ್ರೇ ಕೊಟ್ಟೆ. ಕನ್ನಡಕ ತೆಗೆದು ಕಣ್ಣ ಹತ್ತಿರ ಹಿಡಿದು ನೋಡಿದರು. ಬಡಿದರು. ಮೂಸಿದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು: ಇದು ನಿಂತಿದ್ದಾಗ ಎಷ್ಟು ಎತ್ತರ ಇತ್ತು? ಸೆಕೋಯಾ ಜಾತಿಯಾದರೆ ನಮ್ಮ ದಾಂಡೇಲಿಯ ಯಾವ ಮರಕ್ಕಿಂತಲೂ ಎತ್ತರ ಇರಬಹುದು ಅಂದೆ. ತಲೆಯಾಡಿಸಿದರು.

ಹೊರಡುವ ದಿನ ಬಿರುಕು ಬಿಟ್ಟ ತಟ್ಟೆಯನ್ನು ಕೇಳಿ ತೆಗೆದುಕೊಂಡರು. ಒಳ್ಳೆಯದೇ ಒಯ್ಯಿ ಅಂದರೂ ಕೇಳಲಿಲ್ಲ. ಬಿರುಕಿನಲ್ಲಿ ಒಳಗಿನ ಮರ ಕಾಣುತ್ತದೆ, ಅದೇ ಬೇಕು ಅಂದರು. ದಾಂಡೇಲಿಯ ಮನೆಯಲ್ಲಿ ಅಪ್ಪನ ಹತ್ತಿರ ಮರದ ಮಾದರಿಗಳ ಒಂದು ಗೂಡು ಇದೆ. ನೌಕರಿಯಲ್ಲಿದ್ದಾಗಿನಿಂದ ಕೂಡಿಟ್ಟ ಅಂಗೈಯಗಲದ ತುಂಡುಗಳು. ಪ್ರತಿಯೊಂದಕ್ಕೂ ಚೀಟಿ: ಜಾತಿ, ಸಿಕ್ಕ ಜಾಗ, ಇಸವಿ. ಮೊನ್ನೆ ಅಮ್ಮ ಫೋಟೋ ಕಳಿಸಿದ್ದರು. ಬೀಟೆಗೂ ಮತ್ತಿಗೂ ನಡುವೆ ಆ ತಟ್ಟೆ ಕೂತಿದೆ. ಜಾಗ ಸೆಂದಾಯ್ ಎಂದು ಪೆನ್ನಿನಲ್ಲಿ ಬರೆದಿದ್ದಾರೆ. ಇಸವಿಯ ಕಡೆ ಒಂದು ಗೆರೆ ಎಳೆದು ಬಿಟ್ಟಿದ್ದಾರೆ. ಜಾತಿಯನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.